ಬಿಲ್ಲಿ ಮಾರ್ಗನ್ ಕಟ್ಟಿದ ತಂಡಗಳು

ರಿಂಗಾಸ್ಕಿಡಿಗೆ ಬಂದು ಮನೆ ಮಾಡಿದ ಕನ್ನಡಿಗರು ಮೊದಲು ಕಲಿಯಬೇಕಾದ ಪಾಠವೆಂದರೆ, ಇಲ್ಲಿನ ಜನ ಫುಟ್‌ಬಾಲ್ ಅಂದಾಗ ನಾವು ಅಂದುಕೊಳ್ಳುವ ಫುಟ್‌ಬಾಲನ್ನೇ ಹೇಳುತ್ತಿದ್ದಾರೆ ಅಂತ ತಿಳಿಯಬಾರದು. ಹದಿನೈದು ಹದಿನೈದು ಮಂದಿ, ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು, ನಾಲ್ಕು ಹೆಜ್ಜೆಗೊಮ್ಮೆ ನೆಲಕ್ಕೆ ಪುಟಿಸಬೇಕು ಇಲ್ಲವೇ ಪಾದದಿಂದ ಚಿಮ್ಮಿಸಿ ಮತ್ತೆ ಹಿಡಿಯಬೇಕು. ಗೋಲ್ ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಹಾಗಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಹೋದರೆ ಗೋಲು, ಅದಕ್ಕೆ ಮೂರು. ಮೇಲೆ ಹಾದುಹೋದರೆ ಒಂದು ಪಾಯಿಂಟು. (2025ರಿಂದ 40 ಮೀಟರ್ ಕಮಾನಿನ ಆಚೆಯಿಂದ ಒದ್ದರೆ ಎರಡು.) ಹೀಗಾಗಿ ಅಂಕಪಟ್ಟಿಯಲ್ಲಿ 1-14 ಅಂತಿದ್ದರೆ ಅದು ಹದಿನೇಳು. ಇದು ಗೇಲಿಕ್ ಫುಟ್‌ಬಾಲ್. 1884ರಲ್ಲಿ ಥರ್ಲೆಸ್ ಎಂಬ ಊರಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ಜಿಎಎ, ಇದನ್ನೂ ಹರ್ಲಿಂಗನ್ನೂ ನಡೆಸುತ್ತದೆ. ಎಂಬತ್ತು ಸಾವಿರ ಜನ ಕೂತು ನೋಡುವ ಫೈನಲ್ ಆಡಿದವರಿಗೂ ಸಂಬಳ ಇಲ್ಲ. ಸೋಮವಾರ ಬೆಳಿಗ್ಗೆ ಶಾಲೆಗೋ ಬ್ಯಾಂಕಿಗೋ ಕೆಲಸಕ್ಕೆ ಹೋಗುತ್ತಾರೆ.

ಎರಡನೆಯ ಪಾಠ ಇನ್ನೂ ಕಷ್ಟದ್ದು. ಇಲ್ಲಿ ತಂಡವನ್ನು ಆರಿಸಿಕೊಳ್ಳುವಂತಿಲ್ಲ. ಹುಟ್ಟಿದ ಊರಿನ ಕ್ಲಬ್ಬು, ಹುಟ್ಟಿದ ಕೌಂಟಿ, ಅಷ್ಟೇ. ನಮ್ಮ ಕಡೆ ಊರ ಜಾತ್ರೆಯ ತೇರಿಗೆ ಯಾರು ಕೈ ಹಚ್ಚಬೇಕು ಅನ್ನುವುದು ಮೊದಲೇ ಗೊತ್ತಿರುವ ಹಾಗೆ. ನಮ್ಮ ಸುತ್ತಮುತ್ತಲಿನ ಮಕ್ಕಳೆಲ್ಲ ಶಾನ್‌ಬ್ಯಾಲಿಯ ಶಾಮ್‌ರಾಕ್ಸ್ ಕ್ಲಬ್ಬಿನವರು. ಹಾಗಾದರೆ ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಬಂದವರ ಮಕ್ಕಳು ಯಾರವರು? ಈ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡೇ ನಾವು ಬಿಲ್ಲಿ ಮಾರ್ಗನ್ ಅವರ ಚರಿತ್ರೆಯನ್ನು ಓದಲು ಕೂತದ್ದು. ಸೋತು ಸುಣ್ಣವಾದ ತಂಡಗಳನ್ನು ಎತ್ತಿ ನಿಲ್ಲಿಸಿದ ಕೋಚ್ ಅಂತ ಕಾರ್ಕ್‌ನಲ್ಲಿ ಅವರ ಹೆಸರು ಹೇಳದವರಿಲ್ಲ. ಆದರೆ ಹೇಗೆ ಎತ್ತಿ ನಿಲ್ಲಿಸಿದರು ಅನ್ನುವುದಕ್ಕೆ ಜನ ಹೇಳುವ ಉತ್ತರ ಬರೀ 'ಛಲ'. ಅಷ್ಟರಿಂದ ನಮಗೆ ಸಮಾಧಾನವಾಗಲಿಲ್ಲ.

1945ರಲ್ಲಿ ಹುಟ್ಟಿದ ಮಾರ್ಗನ್ ಕಾರ್ಕ್ ನಗರದ ನೀಮೋ ರೇಂಜರ್ಸ್ ಕ್ಲಬ್ಬಿನ ಗೋಲ್‌ಕೀಪರ್. 1973ರಲ್ಲಿ ಕಾರ್ಕ್ ಕೌಂಟಿ ಗಾಲ್ವೇಯನ್ನು ಸೋಲಿಸಿ ಅಖಿಲ ಐರ್ಲೆಂಡ್ ಗೆದ್ದಾಗ ಅವರೇ ನಾಯಕರು. ಇನ್ನು ಹತ್ತು ವರ್ಷ ನಮ್ಮದೇ ರಾಜ್ಯಭಾರ ಅಂತ ಕಾರ್ಕ್ ಜನ ನಂಬಿದ್ದರಂತೆ. ಆದರೆ ಪಕ್ಕದ ಕೆರ್ರಿಯಲ್ಲಿ 1975ರಲ್ಲಿ ಮಿಕ್ ಓಡ್ವಯರ್ ಕೋಚ್ ಆಗಿ ಬಂದರು. ಅಲ್ಲಿಂದ 1986ರವರೆಗಿನ ಹನ್ನೆರಡು ವರ್ಷಗಳಲ್ಲಿ ಕೆರ್ರಿ ಹನ್ನೊಂದು ಸಲ ಮನ್‌ಸ್ಟರ್ ಪ್ರಾಂತ್ಯದ ಕಿರೀಟ ಗೆದ್ದಿತು, ಎಂಟು ಸಲ ಅಖಿಲ ಐರ್ಲೆಂಡ್ ಗೆದ್ದಿತು. ಆಗ ಪ್ರಾಂತ್ಯದಲ್ಲಿ ಸೋತರೆ ಆ ವರ್ಷದ ಕಥೆ ಮುಗಿಯಿತು, ಹಿಂಬಾಗಿಲು ಇರಲಿಲ್ಲ. 1983ರಲ್ಲಿ ಒಮ್ಮೆ ಮಾತ್ರ, ಕೊನೆಯ ಗಳಿಗೆಯಲ್ಲಿ ಟೈಗ್ ಮರ್ಫಿ ಹೊಡೆದ ಗೋಲಿನಿಂದ ಕಾರ್ಕ್ ಗೆದ್ದಿತು. ಮರುವರ್ಷ ಮತ್ತೆ ಮೊದಲಿನ ಹಾಡು.

ನಮ್ಮವರಿಗೆ ಇದು ಅರ್ಥವಾಗಬೇಕಾದರೆ ರಣಜಿ ಟ್ರೋಫಿ ನೆನೆಯಬೇಕು. 1958-59ರಿಂದ 1972-73ರವರೆಗೆ ಬಾಂಬೆ ಸತತವಾಗಿ ಹದಿನೈದು ಸಲ ಗೆದ್ದಿತ್ತು. 1974ರಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಆ ಸರಪಳಿ ಕಡಿದು, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಕಪ್ಪು ತಂದಿತು. ಹಾಗೆ ನೋಡಿದರೆ ನಮ್ಮ ಹುಡುಗರಿಗೆ ಬಾಂಬೆ ದೂರದ ಊರು. ಕಾರ್ಕ್‌ನವರಿಗೆ ಕೆರ್ರಿ ಬೇಲಿಯಾಚೆಯ ಮನೆ. ಸೋತ ಮರುದಿನ ಅವರ ಮುಖ ನೋಡಿಯೇ ಬದುಕಬೇಕು.

1986ರ ಕೊನೆಗೆ ಮಾರ್ಗನ್ ಅವರ ಕೈಗೆ ಕಾರ್ಕ್ ತಂಡ ಬಂತು. ಅಲ್ಲಿ ಪ್ರತಿಭೆಗೆ ಬರ ಇತ್ತು ಅನ್ನುವುದು ಸುಳ್ಳು. 21ರೊಳಗಿನವರ ಅಖಿಲ ಐರ್ಲೆಂಡ್ ಪಂದ್ಯಾವಳಿಯನ್ನು ಕಾರ್ಕ್ 1984, 1985, 1986ರಲ್ಲಿ ಸಾಲಾಗಿ ಗೆದ್ದಿತ್ತು. ಹುಡುಗರು ಗೆಲ್ಲುತ್ತಾರೆ, ಅದೇ ಹುಡುಗರು ದೊಡ್ಡವರಾದ ಮೇಲೆ ಕೆರ್ರಿಯ ಹಸಿರು-ಚಿನ್ನದ ಬಣ್ಣ ಕಂಡ ಕೂಡಲೇ ಬೆಪ್ಪಾಗುತ್ತಾರೆ. ಮಾರ್ಗನ್ ಎದುರಿಗಿದ್ದದ್ದು ಈ ರೋಗ.

ಈ ಹೊತ್ತಿಗೆ ಇಬ್ಬರು ಹೊರಗಿನವರು ಬಂದರು. ಲ್ಯಾರಿ ಟಾಂಪ್ಕಿನ್ಸ್ ಡಬ್ಲಿನ್ ಹತ್ತಿರದ ಕಿಲ್ಡೇರ್ ಕೌಂಟಿಯವರು, ಕೆಲಸ ಹುಡುಕಿ ನ್ಯೂಯಾರ್ಕಿಗೆ ಹೋದವರು. 1985ರಲ್ಲಿ ತಮ್ಮ ಕೌಂಟಿಗೆ ಆಡಲು ಅಲ್ಲಿಂದ ಬಂದಾಗ ವಾಪಸು ಹೋಗುವ ವಿಮಾನದ ಟಿಕೆಟ್ಟಿನ ವಿಚಾರಕ್ಕೆ ಮನಸ್ತಾಪವಾಗಿ, ಮತ್ತೆಂದೂ ಕಿಲ್ಡೇರ್ ಅಂಗಿ ತೊಡಲಿಲ್ಲ. ನ್ಯೂಯಾರ್ಕಿನಲ್ಲಿ ಸಿಕ್ಕ ಸ್ನೇಹಿತರು ಪಶ್ಚಿಮ ಕಾರ್ಕ್‌ನ ಕ್ಯಾಸಲ್‌ಹೇವನ್ ಎಂಬ ಕಡಲ ತೀರದ ಊರಿನವರು. ಅವರ ಬೆನ್ನು ಹಿಡಿದು ಆ ಊರಿಗೇ ಬಂದು ನೆಲೆಸಿದರು. ಇನ್ನೊಬ್ಬರು ಶೇ ಫಾಹಿ, ಅವರೂ ಕಿಲ್ಡೇರ್‌ನವರೇ, ಸೈನ್ಯದ ಅಧಿಕಾರಿ, ಕೆಲಸ ಕಾರ್ಕ್‌ನಲ್ಲಿ. ಒಬ್ಬರು ವಲಸೆ ಹೋಗಿ ಬಂದವರು, ಇನ್ನೊಬ್ಬರು ಸರ್ಕಾರಿ ನೌಕರಿಯ ಮೇಲೆ ಬಂದವರು. ನಮ್ಮ ಪೈಕಿಯೇ ಅನ್ನಿ!

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನಮ್ಮ ಗಾದೆ. ಜಿಎಎ ಲೋಕದಲ್ಲಿ ಇದು ತಿರುವುಮುರುವು: ಹಿತ್ತಲಲ್ಲಿ ಬೆಳೆಯದ ಗಿಡವನ್ನು ಮದ್ದೆಂದು ಒಪ್ಪುವುದೇ ಇಲ್ಲ. ಮಾರ್ಗನ್ ಇಬ್ಬರನ್ನೂ ತಂಡದ ನಡುಮಧ್ಯಕ್ಕೆ ತಂದರು. ಆ ಇಬ್ಬರಿಗೆ ಕೆರ್ರಿಯ ಭಯ ಬಾಲ್ಯದಿಂದ ಮೈಗೂಡಿರಲಿಲ್ಲ. ನಮ್ಮ ಲೆಕ್ಕದಲ್ಲಿ ಗುಟ್ಟು ಇರುವುದು ಇಲ್ಲೇ. ಸ್ಥಳೀಯರಿಗೆ ಎಷ್ಟು ವ್ಯಾಯಾಮ ಮಾಡಿಸಿದರೂ ಬಾರದ ಒಂದು ಗುಣ, ಇತಿಹಾಸದ ಭಾರ ಇಲ್ಲದವರಿಗೆ ಬಿಟ್ಟಿಯಾಗಿ ಬಂದಿತ್ತು.

1987ರ ಮನ್‌ಸ್ಟರ್ ಫೈನಲ್ ಕಾರ್ಕ್‌ನ ಪಾರ್ಕ್ ಈ ಕೀವ್ ಮೈದಾನದಲ್ಲಿ. ಕೊನೆಯಲ್ಲಿ ಕೆರ್ರಿ ಗೋಲು ಹೊಡೆದು ಒಂದು ಪಾಯಿಂಟು ಮುಂದೆ ಹೋಯಿತು. ಹಳೆಯ ಕಾರ್ಕ್ ಆಗಿದ್ದರೆ ಅಲ್ಲಿಗೆ ಮಂಗಳಾರತಿ. ಟಾಂಪ್ಕಿನ್ಸ್ ಫ್ರೀ ಕಿಕ್ ಒದ್ದು ಸಮ ಮಾಡಿದರು: ಕಾರ್ಕ್ 1-10, ಕೆರ್ರಿ 2-7. ಮರುಪಂದ್ಯ ಕೆರ್ರಿಯವರ ಅಂಗಳ ಕಿಲಾರ್ನಿಯಲ್ಲಿ. ಅಲ್ಲಿ ಕಾರ್ಕ್ 0-13, ಕೆರ್ರಿ 1-5. ಓಡ್ವಯರ್ ಅವರ ಮಹಾ ತಂಡದ ಕಾಲ ಅಲ್ಲಿಗೆ ಮುಗಿಯಿತು.

ಸಿನಿಮಾ ಆಗಿದ್ದರೆ ಇಲ್ಲಿ ಶುಭಂ ಹಾಕುತ್ತಿದ್ದರು. ಆದರೆ ಅದೇ ವರ್ಷ ಫೈನಲ್‌ನಲ್ಲಿ ಮೀತ್ ಕೌಂಟಿಯ ಎದುರು ಆರು ಪಾಯಿಂಟುಗಳ ಸೋಲು. 1988ರಲ್ಲಿ ಮತ್ತೆ ಮೀತ್. ಮೊದಲ ಪಂದ್ಯ ಸಮ, ಮರುಪಂದ್ಯದಲ್ಲಿ ಮೀತ್‌ನ ಆಟಗಾರನೊಬ್ಬ ಆರಂಭದಲ್ಲೇ ಹೊರಗೆ ಹೋದರೂ ಉಳಿದ ಹದಿನಾಲ್ಕು ಮಂದಿ ಸೇರಿ ಕಾರ್ಕ್‌ನ ಹದಿನೈದು ಮಂದಿಯನ್ನು 0-13, 0-12ರಿಂದ ಸೋಲಿಸಿದರು. ಇಂಥ ಸೋಲು ತಂಡಗಳನ್ನು ಮುರಿದುಹಾಕುತ್ತದೆ. ಮಾರ್ಗನ್ ಹೆಚ್ಚು ಕಡಿಮೆ ಅದೇ ಆಟಗಾರರನ್ನು ಇಟ್ಟುಕೊಂಡು ಮೂರನೆಯ ಸಲ ಹೊರಟರು. 1989ರಲ್ಲಿ ಮೇಯೋ ಎದುರು ಗೆಲುವು, 0-17, 1-11. 1990ರಲ್ಲಿ ಮೂರನೆಯ ಬಾರಿ ಮೀತ್ ಎದುರು ಫೈನಲ್. ಈ ಸಲ ಮಧ್ಯಂತರಕ್ಕೆ ಮುಂಚೆಯೇ ಹೊರಗೆ ಹೋದವನು ಕಾರ್ಕ್ ಆಟಗಾರ. ಹದಿನಾಲ್ಕು ಮಂದಿ ಆಡಿ 0-11, 0-9ರಿಂದ ಗೆದ್ದರು. ಪಂದ್ಯದ ಶ್ರೇಷ್ಠ ಶೇ ಫಾಹಿ, ಕಪ್ಪು ಎತ್ತಿದ ನಾಯಕ ಲ್ಯಾರಿ ಟಾಂಪ್ಕಿನ್ಸ್. ಕಿಲ್ಡೇರ್‌ನ ಇಬ್ಬರು!

ಅದಕ್ಕೆ ಎರಡು ವಾರ ಮುಂಚೆ ಕಾರ್ಕ್ ಹರ್ಲಿಂಗ್ ತಂಡವೂ ಗಾಲ್ವೇಯನ್ನು ಸೋಲಿಸಿ ಅಖಿಲ ಐರ್ಲೆಂಡ್ ಗೆದ್ದಿತ್ತು. ಒಂದೇ ವರ್ಷ ಎರಡೂ ಕಿರೀಟ ಕಾರ್ಕ್‌ಗೆ ಬಂದದ್ದು ಸರಿಯಾಗಿ ನೂರು ವರ್ಷದ ನಂತರ, 1890ರ ಮೇಲೆ 1990. ಟೆಡ್ಡಿ ಮೆಕಾರ್ಥಿ ಎರಡೂ ಫೈನಲ್ ಆಡಿ ಗೆದ್ದರು. ಹಾಗೆ ಒಂದೇ ವರ್ಷದಲ್ಲಿ ಎರಡೂ ಗೆದ್ದವರು ಅವರೊಬ್ಬರೇ. 2023ರಲ್ಲಿ ಅವರು ತೀರಿಕೊಂಡಾಗ ಇಲ್ಲಿನ ಜನ ಮನೆಯ ಹಿರಿಮಗ ಹೋದಂತೆ ಕೊರಗಿದರು.

1996ರಲ್ಲಿ ಮಾರ್ಗನ್ ಇಳಿದರು, ಅವರ ಜಾಗಕ್ಕೆ ಟಾಂಪ್ಕಿನ್ಸ್ ಬಂದರು. 2003ರಲ್ಲಿ ಟಾಂಪ್ಕಿನ್ಸ್ ಹೋಗಿ ಮತ್ತೆ ಮಾರ್ಗನ್ ಬಂದರು. ಈ ಎರಡನೆಯ ಸರದಿಯ ವಿವರಕ್ಕೆ ಹೋಗುವುದಿಲ್ಲ. 2007ರಲ್ಲಿ ತಂಡವನ್ನು ಫೈನಲ್ ತನಕ ತಂದು, ಅಲ್ಲಿ ಅದೇ ಕೆರ್ರಿಯ ಎದುರು ಹತ್ತು ಪಾಯಿಂಟುಗಳಿಂದ ಸೋತು, ಕೆಳಗಿಳಿದರು. ಆ ಚಳಿಗಾಲದಲ್ಲಿ, ಕೋಚ್‌ಗೆ ತನ್ನ ಜೊತೆಯ ಆಯ್ಕೆಗಾರರನ್ನು ತಾನೇ ಆರಿಸುವ ಹಕ್ಕು ಇರಬೇಕೆಂದು ಕಾರ್ಕ್ ಆಟಗಾರರು ಮುಷ್ಕರವನ್ನೇ ಹೂಡಿದರು. 2010ರಲ್ಲಿ ಕಾನರ್ ಕೂನಿಹನ್ ಕೈಕೆಳಗೆ ಕಾರ್ಕ್ ಮತ್ತೊಮ್ಮೆ ಅಖಿಲ ಐರ್ಲೆಂಡ್ ಗೆದ್ದಿತು. 1990ರ ತಂಡದಲ್ಲಿ ಮಾರ್ಗನ್ ಅವರಿಗೆ ಆಡಿದ್ದವರೇ ಈ ಕೂನಿಹನ್.

ಅರವತ್ತು ದಾಟಿದ ಮಾರ್ಗನ್ ಇನ್ನು ಮನೆಯಲ್ಲಿ ಕೂರುತ್ತಾರೆ ಅಂದುಕೊಂಡರೆ, ಅವರು ತಾವು ಓದಿದ ಯುನಿವರ್ಸಿಟಿ ಕಾಲೇಜ್ ಕಾರ್ಕ್ ತಂಡದ ಜೊತೆ ಕೆಸರು ಮೈದಾನಕ್ಕೆ ಇಳಿದರು. ಯುಸಿಸಿ ಅಂದರೆ ನಮ್ಮಂಥ ಕಂಪ್ಯೂಟರ್ ಕೂಲಿಗಳಿಗೆ ಪುಣ್ಯಕ್ಷೇತ್ರ. ನಾವು ದಿನವೂ ಬರೆಯುವ ಟ್ರೂ, ಫಾಲ್ಸ್‌ಗಳ ಹಿಂದಿರುವ ಜಾರ್ಜ್ ಬೂಲ್ 1849ರಿಂದ 1864ರವರೆಗೆ ಇಲ್ಲೇ ಗಣಿತದ ಪ್ರಾಧ್ಯಾಪಕರಾಗಿದ್ದರು. ಅವರಿದ್ದ ಕಾಲದಲ್ಲೇ ಅಲ್ಲಿ ಜಾರ್ಜ್ ಸಿಗರ್ಸನ್ ಎಂಬ ಹುಡುಗ ವೈದ್ಯಕೀಯ ಓದುತ್ತಿದ್ದ. ಮುಂದೆ ಆತ ಡಬ್ಲಿನ್‌ನಲ್ಲಿ ಪ್ರಾಧ್ಯಾಪಕ, ಜೊತೆಗೆ ಹಳೆಯ ಐರಿಷ್ ಕಾವ್ಯವನ್ನು ಇಂಗ್ಲಿಷಿಗೆ ತಂದ ಅನುವಾದಕ. 1911ರಲ್ಲಿ ವಿಶ್ವವಿದ್ಯಾಲಯಗಳ ಫುಟ್‌ಬಾಲಿಗೆ ಕಪ್ಪನ್ನು ಕೊಟ್ಟವರು ಇವರೇ. ಕವಿತೆ ಅನುವಾದಿಸುವವರು ಫುಟ್‌ಬಾಲಿಗೆ ಕಪ್ಪು ಕೊಟ್ಟ ಇನ್ನೊಂದು ಉದಾಹರಣೆ ಬಳಗದ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ಸಿಗರ್ಸನ್ ಕಪ್ಪನ್ನು ಯುಸಿಸಿ 1995ರಲ್ಲಿ ಗೆದ್ದದ್ದು, ಆಮೇಲೆ ಹದಿನೈದು ವರ್ಷ ಬರಿಗೈ. ತಾಂತ್ರಿಕ ಕಾಲೇಜುಗಳು ತಲೆ ಎತ್ತಿದ್ದವು. ಟ್ರಲೀಯ ಕಾಲೇಜು 1997ರಿಂದ ಮೂರು ವರ್ಷ ಸಾಲಾಗಿ ಗೆದ್ದಿತು, ಆಮೇಲೆ ಸ್ಲೈಗೋ, ಡಬ್ಲಿನ್‌ನ ಡಿಸಿಯು. ಗಾಯಕ್ಕೆ ಉಪ್ಪು ಸವರಿದಂತೆ 2009ರಲ್ಲಿ ಅದೇ ನಗರದ ಕಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಗೆದ್ದುಬಿಟ್ಟಿತು. ರಿಂಗಾಸ್ಕಿಡಿಯ ನಮ್ಮ ಮನೆಗಳ ಎದುರಿನ ನಾವಿಕ ಕಾಲೇಜು ಇದೇ ಸಂಸ್ಥೆಯ ಭಾಗವಾಗಿತ್ತು (2021ರಿಂದ ಅದು ಮನ್‌ಸ್ಟರ್ ಟೆಕ್ನಲಾಜಿಕಲ್ ಯುನಿವರ್ಸಿಟಿ). ಹಾಗಾಗಿ ನಮ್ಮೂರಿನ ನಿಷ್ಠೆ ಎತ್ತ ಅನ್ನುವುದು ಸ್ವಲ್ಪ ಗೋಜಲೇ.

ಕಾಲೇಜು ತಂಡ ಕಟ್ಟುವ ಕಷ್ಟ ಬೇರೆ ಬಗೆಯದು. ಪ್ರತಿ ವರ್ಷ ಒಂದು ಪಾಲು ಜನ ರಾಜೀನಾಮೆ ಕೊಟ್ಟು ಹೋಗುವ, ಹೊಸಬರಿಗೆ ಕೋಡ್ ಅರ್ಥವಾಗುವಷ್ಟರಲ್ಲಿ ಬಿಡುಗಡೆಯ ದಿನ ಬರುವ ಪ್ರಾಜೆಕ್ಟನ್ನು ಊಹಿಸಿಕೊಳ್ಳಿ. ಶರತ್ಕಾಲದಲ್ಲಿ ಸೇರಿದ ಹುಡುಗರು ಜನವರಿ-ಫೆಬ್ರವರಿಯ ಮಳೆಯಲ್ಲಿ ಪಂದ್ಯ ಆಡಬೇಕು. ಅದೇ ಹುಡುಗರನ್ನು ಕೌಂಟಿಯ ಕೋಚ್ ಕರೆಯುತ್ತಾನೆ, ಊರಿನ ಕ್ಲಬ್ಬು ಕರೆಯುತ್ತದೆ. ಹಿಂದೆಲ್ಲ ಸೆಮಿಫೈನಲ್, ಫೈನಲ್ ಎರಡೂ ಒಂದೇ ವಾರಾಂತ್ಯದಲ್ಲಿ. ಎಲ್ಲಕ್ಕಿಂತ ಮುಖ್ಯ, ಇಲ್ಲಿ ಹುಟ್ಟಿದ ಊರಿನ ಲೆಕ್ಕ ನಡೆಯುವುದಿಲ್ಲ. ಯುಸಿಸಿಗೆ ಓದಲು ಬರುವವರಲ್ಲಿ ಕೆರ್ರಿಯವರು ಎಷ್ಟೋ ಮಂದಿ. ಜೀವಮಾನವಿಡೀ ಕೆರ್ರಿಯನ್ನು ಸೋಲಿಸುವ ಕನಸು ಕಂಡ ಮನುಷ್ಯ, ಕೆರ್ರಿಯ ಹುಡುಗರನ್ನೂ ಕಾರ್ಕ್ ಹುಡುಗರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ನೀವೆಲ್ಲ ಒಂದು ಅಂತ ನಂಬಿಸಬೇಕು. ಟಾಂಪ್ಕಿನ್ಸ್, ಫಾಹಿ ಅವರನ್ನು ಒಳಗೆ ಕರೆದುಕೊಂಡಾಗ ಮಾಡಿದ್ದನ್ನೇ ಇಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಹೊಸದಾಗಿ ಮಾಡಬೇಕು, ಅದೂ ಇಡೀ ತಂಡಕ್ಕೆ.

2011ರಲ್ಲಿ ಯುಸಿಸಿ ಸಿಗರ್ಸನ್ ಗೆದ್ದಿತು. 2014ರಲ್ಲಿ ಮತ್ತೆ. 2019ರಲ್ಲಿ ಬೆಲ್‌ಫಾಸ್ಟ್‌ನ ಸೇಂಟ್ ಮೇರೀಸ್ ತಂಡವನ್ನು ಸೋಲಿಸಿ ಮೂರನೆಯ ಸಲ. ಆ ವರ್ಷ ಕಾಲೇಜುಗಳ ಹರ್ಲಿಂಗಿನ ಫಿಟ್ಸ್‌ಗಿಬನ್ ಕಪ್ಪೂ ಯುಸಿಸಿಗೇ. ಮಾರ್ಗನ್ ಅವರಿಗೆ ಆಗ ಎಪ್ಪತ್ತು ದಾಟಿತ್ತು. ಹುಡುಗರಲ್ಲಿ ಬಹುಪಾಲು 1990ರ ಫೈನಲ್ ಆದಮೇಲೆ ಎಷ್ಟೋ ವರ್ಷಕ್ಕೆ ಹುಟ್ಟಿದವರು.

ಆ 2019ರ ತಂಡದಲ್ಲಿ ಶಾನ್ ಓಶೇ ಎಂಬ ಕೆರ್ರಿಯ ಹುಡುಗ ಇದ್ದ, ಕೆನ್‌ಮೇರ್ ಊರಿನವನು. 2022ರ ಅಖಿಲ ಐರ್ಲೆಂಡ್ ಸೆಮಿಫೈನಲ್‌ನಲ್ಲಿ ಡಬ್ಲಿನ್ ಎದುರು ಕೊನೆಯ ಗಳಿಗೆಯಲ್ಲಿ, ಎದುರುಗಾಳಿಯಲ್ಲಿ, ಬಲು ದೂರದಿಂದ ಫ್ರೀ ಕಿಕ್ ಒದ್ದು ಕೆರ್ರಿಯನ್ನು ಒಂದು ಪಾಯಿಂಟಿನಿಂದ ಗೆಲ್ಲಿಸಿದವನು ಅವನೇ. ಆ ವರ್ಷ ಕೆರ್ರಿ ಕಿರೀಟವನ್ನೂ ಗೆದ್ದಿತು. ಅದಕ್ಕೂ ಕೆಲವು ತಿಂಗಳ ಹಿಂದೆ ಮನ್‌ಸ್ಟರ್ ಪಂದ್ಯದಲ್ಲಿ ಅದೇ ಕೆರ್ರಿ ಕಾರ್ಕ್‌ಗೆ ಬಂದು ಕಾರ್ಕ್ ತಂಡವನ್ನು ಹನ್ನೆರಡು ಪಾಯಿಂಟುಗಳಿಂದ ಸೋಲಿಸಿ ಹೋಗಿತ್ತು.