ಪಾರದರ್ಶಕ: ಯಾವ ಬೆಳಕಿಗೆ?

ಗಾಜು ಪಾರದರ್ಶಕ, ಎಣ್ಣೆಕಾಗದ ಅರೆಪಾರದರ್ಶಕ, ಮರದ ಹಲಗೆ ಅಪಾರದರ್ಶಕ. ಈ ವರ್ಗೀಕರಣವನ್ನು ನೀವು ಶಾಲೆಯಲ್ಲಿ ಕಲಿತಿದ್ದೀರಿ, ಇಲ್ಲವೇ ಕಲಿಸುತ್ತಿದ್ದೀರಿ. 'ಪಾರ' ಎಂದರೆ ಆಚೆಯ ದಡ; ಅದನ್ನು ತೋರಿಸುವುದೇ ಪಾರದರ್ಶಕ. ಪದವೇನೋ ಸೊಗಸಾಗಿದೆ. ಆದರೆ ಪಾರದರ್ಶಕತೆ ವಸ್ತುವಿನ ಬದಲಾಗದ ಗುಣವೇ? ವಿಜ್ಞಾನದ ಇತಿಹಾಸ 'ಅಲ್ಲ' ಎನ್ನುತ್ತದೆ.

ಕಾಗದವನ್ನು ನೀರಿನಲ್ಲೋ ಎಣ್ಣೆಯಲ್ಲೋ ನೆನೆಸಿದರೆ ಅದರ ಮೂಲಕ ಹೆಚ್ಚು ಬೆಳಕು ಹಾಯುತ್ತದೆ. 1704ರಲ್ಲಿ ಪ್ರಕಟವಾದ 'ಆಪ್ಟಿಕ್ಸ್' ಗ್ರಂಥದಲ್ಲಿ ನ್ಯೂಟನ್ ಇದನ್ನು ಚರ್ಚಿಸಿದ್ದಾನೆ. ಕಾಗದದ ನಾರುಗಳ ನಡುವೆ ಗಾಳಿ ಇರುತ್ತದೆ. ನಾರು ಮತ್ತು ಗಾಳಿಯ ವಕ್ರೀಭವನ ಸೂಚ್ಯಂಕಗಳು ಬೇರೆಯಾದ್ದರಿಂದ ಬೆಳಕು ಪ್ರತಿ ಮೇಲ್ಮೈಯಲ್ಲೂ ಚದರುತ್ತದೆ. ಗಾಳಿಯ ಜಾಗದಲ್ಲಿ ಎಣ್ಣೆ ತುಂಬಿದಾಗ ಈ ವ್ಯತ್ಯಾಸ ತಗ್ಗಿ ಚದರಿಕೆ ಕಡಿಮೆಯಾಗುತ್ತದೆ. ನಾರು ಅದೇ, ಬದಲಾದದ್ದು ಅದರ ನೆರೆ ಮಾತ್ರ.

1830ರ ದಶಕದಲ್ಲಿ ಇಟಲಿಯ ಮೆಲ್ಲೋನಿ ಇನ್ನೊಂದು ಅಚ್ಚರಿ ಕಂಡ. ಥರ್ಮೋಪೈಲ್ ಬಳಸಿ ಆತ ಉಷ್ಣ ವಿಕಿರಣವನ್ನು ಅಳೆದ. ತಿಳಿಯಾದ ಪಟಿಕದ ಫಲಕ ಬೆಳಕನ್ನು ಬಿಟ್ಟರೂ ಉಷ್ಣವನ್ನು ಬಹುಪಾಲು ತಡೆಯಿತು. ಹೊಗೆಬಣ್ಣದ ಕ್ವಾರ್ಟ್ಸ್ ಫಲಕ ಕಪ್ಪಾಗಿದ್ದರೂ ಪಟಿಕಕ್ಕಿಂತ ಹೆಚ್ಚು ಉಷ್ಣವನ್ನು ಹಾಯಗೊಟ್ಟಿತು. ಕಲ್ಲುಪ್ಪಂತೂ ಹೆಚ್ಚುಕಡಿಮೆ ಎಲ್ಲವನ್ನೂ ಬಿಟ್ಟಿತು. ಇಂಥ ವಸ್ತುಗಳಿಗೆ ಆತ ಗ್ರೀಕ್ ಮೂಲದ ಹೊಸ ಪದವನ್ನೇ ಟಂಕಿಸಬೇಕಾಯಿತು. ಕನ್ನಡದಲ್ಲಿ 'ಉಷ್ಣಪಾರಕ' ಎನ್ನೋಣ.

ಪ್ರಶ್ನೆ ಗಾಳಿಗೂ ಬಂತು. 1859ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜಾನ್ ಟಿಂಡಲ್ ಉದ್ದನೆಯ ಕೊಳವೆಯಲ್ಲಿ ಅನಿಲಗಳನ್ನು ತುಂಬಿ ಪರೀಕ್ಷಿಸಿದ. ಗಾಜು ಉಷ್ಣವನ್ನು ತಡೆಯುವುದರಿಂದ ಕೊಳವೆಯ ತುದಿಗಳಿಗೆ ಕಲ್ಲುಪ್ಪಿನ ಫಲಕಗಳನ್ನೇ ಅಳವಡಿಸಿದ. ಆಮ್ಲಜನಕ, ಸಾರಜನಕಗಳು ಉಷ್ಣವನ್ನು ಸರಾಗವಾಗಿ ಬಿಟ್ಟವು. ನೀರಾವಿ, ಕಾರ್ಬನ್ ಡೈಆಕ್ಸೈಡ್‌ಗಳು ಹೀರಿಕೊಂಡವು. ಕಣ್ಣಿಗೆ ಇವೆಲ್ಲವೂ ಒಂದೇ ಬಗೆಯ ಪಾರದರ್ಶಕ ಅನಿಲಗಳು!

1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಎಕ್ಸ್-ಕಿರಣಗಳಿಗೆ ಮರದ ಹಲಗೆಯೂ ಅಡ್ಡಿಯಾಗಲಿಲ್ಲ.

ಹಾಗಾದರೆ ನಮ್ಮ ವರ್ಗೀಕರಣ ತಪ್ಪೇ? ತಪ್ಪಲ್ಲ, ಅಪೂರ್ಣ. ಪಾರದರ್ಶಕ ಎಂದೊಡನೆ ಎರಡು ಪ್ರಶ್ನೆ ಕೇಳಬೇಕು: ಯಾವ ತರಂಗಾಂತರಕ್ಕೆ? ಎಷ್ಟು ದಪ್ಪಕ್ಕೆ? ಲೋಟದ ನೀರು ತಿಳಿಯಾದದ್ದು. ಆದರೆ ಸಮುದ್ರದಲ್ಲಿ 1000 ಮೀಟರ್ ಕೆಳಗೆ ಹಗಲಿಲ್ಲ.

ಈ ಪ್ರಶ್ನೆಗಳನ್ನು ಬಿಟ್ಟರೆ ಹಸಿರುಮನೆ ಪರಿಣಾಮವನ್ನು ವಿವರಿಸಲಾಗದು. ನಮ್ಮ ವಾಯುಮಂಡಲ ಸೂರ್ಯನ ಬೆಳಕಿಗೆ ಬಹುಮಟ್ಟಿಗೆ ಪಾರದರ್ಶಕ. ಭೂಮಿ ಹೊರಸೂಸುವ ಅವಕೆಂಪು ವಿಕಿರಣದ ಬಹುಭಾಗಕ್ಕೆ ಅಲ್ಲ. ನಾಳೆ ತರಗತಿಯಲ್ಲಿ ಕಾಗದದ ಮೇಲೆ ಒಂದು ಹನಿ ಕೊಬ್ಬರಿಎಣ್ಣೆ ಹಾಕಿ, ಬೆಳಕಿಗೆ ಹಿಡಿದು ತೋರಿಸಿ. ಚರ್ಚೆ ಅಲ್ಲಿಂದಲೇ ಆರಂಭವಾಗಲಿ.