ಮುಟ್ಟು ನಿಂತ ಮೇಲಿನ ಹಾರ್ಮೋನು: ಕಾಫಿ ಸೀಮೆಯಿಂದ ಒಂದು ಸಮೀಕ್ಷೆ

ಮನೆಯಲ್ಲಿ ಪೂಜೆಯೋ ಮದುವೆಯೋ ನಿಶ್ಚಯವಾಯಿತೆಂದರೆ ಮಲೆನಾಡಿನ ಹೆಂಗಸರು ಮೊದಲು ಎಣಿಸುವುದು ತಮ್ಮ ತಾರೀಖನ್ನು. ಲೆಕ್ಕ ಅಡ್ಡ ಬಂದರೆ ಪೇಟೆಯ ಮೆಡಿಕಲ್ ಶಾಪಿನಿಂದ ಮುಟ್ಟು ಮುಂದೆ ಹಾಕುವ ಮಾತ್ರೆ ಬರುತ್ತದೆ, ಎಷ್ಟೋ ಸಲ ಡಾಕ್ಟರ ಚೀಟಿಯೂ ಇಲ್ಲದೆ. ಅದು ನೋರೆಥಿಸ್ಟೆರಾನ್, ಅಪ್ಪಟ ಹಾರ್ಮೋನು. ನುಂಗುವಾಗ ಯಾರಿಗೂ ಅಳುಕಿಲ್ಲ. ಅದೇ ಹೆಂಗಸಿಗೆ ನಲವತ್ತಾರರ ಆಸುಪಾಸಿನಲ್ಲಿ ಮುಟ್ಟು ನಿಂತು, ಡಿಸೆಂಬರಿನ ಚಳಿಯಲ್ಲೂ ರಾತ್ರಿ ಕಂಬಳಿ ಒದ್ದು ಏಳುವಂತೆ ಮೈ ಝಳ ಹೊಡೆದು, ನಿದ್ದೆ ಕೆಟ್ಟು, ಕೊನೆಗೊಮ್ಮೆ ಡಾಕ್ಟರು ಹಾರ್ಮೋನಿನ ಮಾತೆತ್ತಿದರೆ ತಟ್ಟನೆ ಬರುವ ಪ್ರಶ್ನೆ ಒಂದೇ: ಅದರಿಂದ ಕ್ಯಾನ್ಸರ್ ಬರುತ್ತದಂತಲ್ಲ?

ಈ ಭಯಕ್ಕೆ ಆಧಾರವಿಲ್ಲವೆಂದಲ್ಲ. ಆದರೆ ಅದು ಹುಟ್ಟಿದ್ದು ಬೇರೆ ದೇಶದಲ್ಲಿ, ಬೇರೆ ವಯಸ್ಸಿನ ಹೆಂಗಸರ ಮೇಲೆ ಮಾಡಿದ ಲೆಕ್ಕದಿಂದ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಗಳಿಗೆ ಎಚ್ಚರಿಕೆ ಮೊದಲು ತಲುಪಿತು. ಔಷಧ ಇನ್ನೂ ಸರಿಯಾಗಿ ತಲುಪಿಲ್ಲ.

ಅಮೆರಿಕದಲ್ಲಿ ಪ್ರೆಮರಿನ್ ಎಂಬ ಮಾತ್ರೆಗೆ ಪರವಾನಗಿ ಸಿಕ್ಕಿದ್ದು 1942ರಲ್ಲಿ. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಅದು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ ‘ಫೆಮಿನೈನ್ ಫಾರೆವರ್’ ಪುಸ್ತಕ ಬರೆದು, ಮುಟ್ಟು ನಿಲ್ಲುವುದನ್ನು ಕೊರತೆಯ ರೋಗವೆಂದೇ ಸಾರಿದ. ಅವನ ಸಂಸ್ಥೆಗೆ ಔಷಧ ಕಂಪನಿಗಳ ದುಡ್ಡು ಹರಿಯುತ್ತಿತ್ತು ಎಂಬುದು ಆಮೇಲೆ ಬಯಲಾಯಿತು. ಮಾತ್ರೆಯಂತೂ ಭರ್ಜರಿಯಾಗಿ ಬಿಕರಿಯಾಯಿತು. 1975ರ ಕೊನೆಯಲ್ಲಿ ಎರಡು ಅಧ್ಯಯನಗಳು ಒಟ್ಟಿಗೇ ಪ್ರಕಟವಾದವು: ಗರ್ಭಕೋಶ ಇರುವವರು ಬರೀ ಈಸ್ಟ್ರೋಜನ್ ತೆಗೆದುಕೊಂಡರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚುತ್ತದೆ. ಪರಿಹಾರವೂ ಬೇಗ ಸಿಕ್ಕಿತು. ಜೊತೆಗೆ ಪ್ರೊಜೆಸ್ಟೋಜನ್ ಎಂಬ ಇನ್ನೊಂದು ಹಾರ್ಮೋನು ಕೊಟ್ಟರೆ ಒಳಪದರಕ್ಕೆ ರಕ್ಷಣೆ. ಗರ್ಭಕೋಶ ಇದ್ದವರಿಗೆ ಎರಡು ಹಾರ್ಮೋನು, ತೆಗೆಸಿಕೊಂಡವರಿಗೆ ಒಂದೇ ಎಂಬ ಇಂದಿನ ನಿಯಮ ಬಂದದ್ದು ಹೀಗೆ.

ಆ ಹೊತ್ತಿಗೆ ನಮ್ಮಲ್ಲಿ ಹೆಂಗಸಿನ ಆರೋಗ್ಯವೆಂದರೆ ಹೆರಿಗೆ, ಇಲ್ಲವೆ ಹೆರಿಗೆ ತಡೆಯುವುದು. ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು, ಹೆಮ್ಮೆಯ ಸಂಗತಿಯೇ. ಎಸ್ಟೇಟುಗಳಿಗೆ 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂತು: ವೈದ್ಯಕೀಯ ಸೌಲಭ್ಯ, ಹೆರಿಗೆ ಭತ್ಯೆ, 50 ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ. ಆಮೇಲೆ ಟ್ಯುಬೆಕ್ಟಮಿ ಕ್ಯಾಂಪುಗಳು, ತಾಯಿ ಕಾರ್ಡು, ಆಶಾ ಕಾರ್ಯಕರ್ತೆಯರು. ಎಸ್ಟೇಟಿನ ಲೈನ್ ಮನೆಯ ಹೆಂಗಸು ಹೆರುವಷ್ಟು ಕಾಲ ಸರ್ಕಾರದ ರಿಜಿಸ್ಟರಿನಲ್ಲಿದ್ದಳು. ಹೆರುವುದು ಮುಗಿದ ಮೇಲೆ ಇನ್ನೂ ಹತ್ತಿಪ್ಪತ್ತು ವರ್ಷ ಹಣ್ಣು ಕೊಯ್ಯುತ್ತಾಳೆ, ಕಳೆ ತೆಗೆಯುತ್ತಾಳೆ. ಆ ವರ್ಷಗಳಿಗೆ ಪುಟವಿರಲಿಲ್ಲ. 2025ರ ನವೆಂಬರಿನಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ, ಅದರಲ್ಲೂ ಈ ಪುಟ ತೆರೆದಂತೆ ಕಾಣೆ. ಮುಟ್ಟು, ಬಸಿರು, ದಾಂಪತ್ಯವನ್ನು ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ಬರೆದವರು ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ. ಮನೆಮನೆಯಲ್ಲಿ ಓದಿಸಿಕೊಂಡ ಅವರ ಪುಸ್ತಕದ ಹೆಸರು ‘ವಧುವಿಗೆ ಕಿವಿಮಾತು’. ಅತ್ತೆಯಾದವಳಿಗೆ ಅಂಥ ಕಿವಿಮಾತು ಅಷ್ಟೇ ಜನಪ್ರಿಯವಾಗಿ ಬರಲಿಲ್ಲ.

ಮುಟ್ಟು ನಿಂತದ್ದು ನಮ್ಮಲ್ಲಿ ಸಂಕಟವಾಗಿಯೇ ತೋರಬೇಕೆಂದಿಲ್ಲ ಎಂಬುದೂ ನಿಜ. ಮಾರ್ಷಾ ಫ್ಲಿಂಟ್ ಎಂಬ ಮಾನವಶಾಸ್ತ್ರಜ್ಞೆ ರಾಜಸ್ಥಾನ ಮತ್ತು ಹಿಮಾಚಲದ 483 ರಜಪೂತ ಹೆಂಗಸರನ್ನು ಮಾತನಾಡಿಸಿ 1975ರಲ್ಲಿ ಬರೆದಿದ್ದರು: ಅವರು ದೂರಿಕೊಂಡದ್ದು ಕಡಿಮೆ, ಏಕೆಂದರೆ ಮುಟ್ಟು ನಿಂತೊಡನೆ ಪರದೆಯ ಕಟ್ಟು ಸಡಿಲಿ ಮನೆಯಲ್ಲಿ ಅಧಿಕಾರ ಹೆಚ್ಚುತ್ತಿತ್ತು. ಮಲೆನಾಡಿನ ಅನೇಕ ಮನೆಗಳಲ್ಲೂ ಹೊರಗೆ ಕೂರುವ ಮೂರು ದಿನ ತಪ್ಪಿ, ದೇವರ ಕೋಣೆಯ ಕೆಲಸ ಪೂರ್ತಿ ಕೈಗೆ ಬರುವ ಕಾಲ ಅದು. ಐವತ್ತು ದಾಟಲೆಂದು ಕಾದು ಶಬರಿಮಲೆಗೆ ಮಾಲೆ ಹಾಕಿದವರೂ ಇದ್ದಾರೆ. ಆದರೆ ಈ ಸಂಶೋಧನೆಯನ್ನು ಹಿಡಿದು ‘ಇಲ್ಲಿಯವರಿಗೆ ತೊಂದರೆಯೇ ಇಲ್ಲ’ ಎನ್ನುವುದನ್ನು ನಾನು ಒಪ್ಪಲಾರೆ. ದೂರದೆ ಇರುವವಳಿಗೆ ನೋವಿಲ್ಲವೆಂದು ತೀರ್ಮಾನಿಸುವುದು ಕೇಳಬೇಕಾದವರಿಗೆ ತುಂಬ ಅನುಕೂಲ. ಬಿಸಿ ಝಳ ಬಂದು ಹೋಗುತ್ತದೆ, ನಿಜ. ಮೂಳೆ ಸವೆಯುವುದು ಮಾತ್ರ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಮಳೆಗಾಲದ ಇಳಿಜಾರಿನಲ್ಲಿ ಜಾರಿ ಕೈಯೂರಿದಾಗ ಮಣಿಕಟ್ಟು ಮುರಿದೇ ಅದು ಗೊತ್ತಾಗಬೇಕು.

ಈಗ 2002ಕ್ಕೆ ಬರೋಣ. ಈಸ್ಟ್ರೋಜನ್ ಹೃದಯವನ್ನೂ ಕಾಯುತ್ತದೆಂಬ ನಂಬಿಕೆ ಬೆಳೆದಿತ್ತು. ಅದನ್ನು ಪರೀಕ್ಷಿಸಲು ಅಮೆರಿಕ ಸರ್ಕಾರ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ನಡೆಸಿತು. ಗರ್ಭಕೋಶವಿದ್ದ 16,608 ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ ಎರಡೂ ಹಾರ್ಮೋನು ಸೇರಿದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಐದು ವರ್ಷ ಕಳೆಯುತ್ತಿದ್ದಂತೆ ನಿಲ್ಲಿಸಬೇಕಾಯಿತು. ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚಿತೆಂಬ ಸುದ್ದಿ ಜಗತ್ತನ್ನು ಸುತ್ತಿತು. ಶೇಕಡಾವಾರು ಬಿಟ್ಟು ತಲೆ ಎಣಿಸಿದರೆ ಚಿತ್ರ ಹೀಗಿತ್ತು: ವರ್ಷಕ್ಕೆ 10,000 ಹೆಂಗಸರಲ್ಲಿ ಸ್ತನ ಕ್ಯಾನ್ಸರ್ 30ರ ಬದಲು 38, ಪಾರ್ಶ್ವವಾಯು 21ರ ಬದಲು 29, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು 8ರ ಬದಲು 16. ಇನ್ನೊಂದು ಕಡೆ ಸೊಂಟದ ಮೂಳೆ ಮುರಿದದ್ದು 15ರ ಬದಲು 10, ದೊಡ್ಡ ಕರುಳಿನ ಕ್ಯಾನ್ಸರ್ 16ರ ಬದಲು 10. ಪತ್ರಿಕೆಗಳಲ್ಲಿ ಮೊದಲ ಸಾಲು ಮಾತ್ರ ಉಳಿಯಿತು. ಸೇರಿದ್ದ ಹೆಂಗಸರ ಸರಾಸರಿ ವಯಸ್ಸು 63 ಎಂಬುದು ಯಾರ ಕಿವಿಗೂ ಬೀಳಲಿಲ್ಲ. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷವಾದವರಿಗೆ ಹೊಸದಾಗಿ ಮಾತ್ರೆ ಕೊಟ್ಟು ಬಂದ ಫಲಿತಾಂಶ, ನಿನ್ನೆ ಮೊನ್ನೆ ಮುಟ್ಟು ನಿಂತವರಿಗೂ ಹಾಗೇ ಅನ್ವಯವಾಯಿತು.

ಮುಂದಿನ ಇಪ್ಪತ್ತು ವರ್ಷ ಹೆಚ್ಚುಕಡಿಮೆ ಈ ಗಂಟು ಬಿಡಿಸುವುದರಲ್ಲೇ ಕಳೆಯಿತು. ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟ ಪರೀಕ್ಷೆಯೂ ಪಾರ್ಶ್ವವಾಯುವಿನ ಕಾರಣಕ್ಕೆ 2004ರಲ್ಲಿ ನಿಂತಿತು, ಆದರೆ ಅವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿರಲಿಲ್ಲ. ಅರವತ್ತರೊಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರುಮಾಡಿದರೆ ಲಾಭದ ತಟ್ಟೆ ತೂಗುತ್ತದೆಂಬ ಅಭಿಪ್ರಾಯ ಗಟ್ಟಿಯಾಯಿತು. ಚರ್ಮಕ್ಕೆ ಹಚ್ಚುವ ಜೆಲ್ ಮತ್ತು ಪ್ಯಾಚು ಮೊದಲೇ ಇದ್ದವು. ನುಂಗುವ ಮಾತ್ರೆಗಿರುವ ರಕ್ತ ಹೆಪ್ಪುಗಟ್ಟುವ ಅಪಾಯ ಅವುಗಳಲ್ಲಿ ಕಾಣಲಿಲ್ಲ. ಭಯ ಪೂರ್ತಿ ಸುಳ್ಳೆಂದು ಮಾತ್ರ ಯಾರೂ ಹೇಳಬಾರದು. 2019ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ದೊಡ್ಡ ವಿಶ್ಲೇಷಣೆಯ ಪ್ರಕಾರ, ಐವತ್ತರಲ್ಲಿ ಶುರುಮಾಡಿ ಐದು ವರ್ಷ ಎರಡೂ ಹಾರ್ಮೋನು ದಿನವೂ ತೆಗೆದುಕೊಂಡ 50 ಜನರಲ್ಲಿ ಒಬ್ಬರಿಗೆ, ಎಪ್ಪತ್ತು ತುಂಬುವುದರೊಳಗೆ, ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಬರುತ್ತದೆ. ಬರೀ ಈಸ್ಟ್ರೋಜನ್ ಆದರೆ 200ರಲ್ಲಿ ಒಬ್ಬರಿಗೆ. ಇದು ಪಾಶ್ಚಾತ್ಯ ದೇಶಗಳ ಲೆಕ್ಕ. ಸ್ತನ ಕ್ಯಾನ್ಸರ್ ಅಲ್ಲಿಗಿಂತ ಕಡಿಮೆಯಿರುವ ನಮ್ಮಲ್ಲಿ ಆ ಸಂಖ್ಯೆ ಚಿಕ್ಕದಿರಬೇಕು. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಮಾತ್ರೆಗಳ ಮೇಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆಗಳಲ್ಲಿ ಬಹುಪಾಲನ್ನು ತೆಗೆಸುವುದಾಗಿ ಘೋಷಿಸಿದರು. ಒಂದು ಅತಿಯಿಂದ ಇನ್ನೊಂದಕ್ಕೆ ಜಿಗಿಯುವ ಹಳೆಯ ಚಟ ಅದು ಎಂದು ನನಗೆ ಅನ್ನಿಸುತ್ತದೆ.

ಈ ಎಲ್ಲ ವಾದದಲ್ಲಿ ಕಾಣದ ಹೆಂಗಸು ಯಾರು? ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ಅವಳ ಗುರುತು ಹೇಳುತ್ತದೆ. ಪಶ್ಚಿಮದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51, ನಮ್ಮಲ್ಲಿ 46–47. ನಲವತ್ತರೊಳಗೇ ನಿಂತವರ ಪಾಲು ಚಿಕ್ಕದಲ್ಲ, ಅದರಲ್ಲೂ ಬಡವರು, ಓದು ಬಾರದವರು, ಹಳ್ಳಿಯವರು ಹೆಚ್ಚು. ಇದರ ಮೇಲೆ ಗರ್ಭಕೋಶ ತೆಗೆಸುವ ಆಪರೇಷನ್ನು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ನೂರರಲ್ಲಿ ಮೂವರು ಗರ್ಭಕೋಶ ಕಳೆದುಕೊಂಡಿದ್ದರು, ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ. ಕಲಬುರಗಿಯ ಲಂಬಾಣಿ ತಾಂಡಾಗಳಲ್ಲಿ ಹೆಂಗಸರ ಗರ್ಭಕೋಶ ತೆಗೆದ ಪ್ರಕರಣ 2015ರಲ್ಲಿ ರಾಜ್ಯವನ್ನೇ ಅಲ್ಲಾಡಿಸಿತು. ಕರ್ನಾಟಕ ಜನಾರೋಗ್ಯ ಚಳವಳಿ ಅದರ ಬೆನ್ನು ಹತ್ತಿತ್ತು. ಹಾಗೆಯೇ ನಮ್ಮದೇ ಚಿಕ್ಕಮಗಳೂರು ಜಿಲ್ಲೆಯ ಬಯಲಿನ ಬೀರೂರಿನ ಹೆಸರೂ ಅಂಥ ದೂರುಗಳಲ್ಲಿ ಕೇಳಿಬಂತು. ಬಿಳಿಮುಟ್ಟಿಗೆ, ಹೊಟ್ಟೆನೋವಿಗೆ, ಮುಂದೆ ಕ್ಯಾನ್ಸರ್ ಆದೀತೆಂಬ ಹೆದರಿಕೆಗೆ ಗರ್ಭಕೋಶ ಹೋಯಿತು. ಅಂಡಾಶಯವೂ ಹೋದರೆ ಬೆಳಗಾಗುವುದರೊಳಗೆ ಮುಟ್ಟು ನಿಂತ ಸ್ಥಿತಿ. ಅಂಡಾಶಯ ಉಳಿದರೂ ಅದು ಕೆಲವು ವರ್ಷ ಮುಂಚೆಯೇ ಸೋಲುವ ಸಂಭವ ಹೆಚ್ಚು.

ಹಾರ್ಮೋನು ಯಾರಿಗೆ ಬೇಕು ಎಂಬ ಬಗ್ಗೆ ವೈದ್ಯಲೋಕದಲ್ಲಿ ಹೆಚ್ಚು ತಕರಾರಿಲ್ಲದ ಗುಂಪು ಇದೇ. ನಲವತ್ತೈದರೊಳಗೆ ಅಂಡಾಶಯ ಕಳೆದುಕೊಂಡವರಿಗೆ, ಬೇರೆ ತಡೆಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಕೊಡಬೇಕೆನ್ನುತ್ತವೆ ಮಾರ್ಗಸೂಚಿಗಳು; ಇಲ್ಲವಾದರೆ ಮೂಳೆಗೂ ಹೃದಯಕ್ಕೂ ಪೆಟ್ಟು. ಗರ್ಭಕೋಶವಿಲ್ಲದ ಕಾರಣ ಬರೀ ಈಸ್ಟ್ರೋಜನ್ ಸಾಕು, ಅಪಾಯವೂ ಕಡಿಮೆ. ಆದರೆ ಆಪರೇಷನ್ ಮುಗಿಸಿ ಮನೆಗೆ ಬಂದವಳ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ.

ಇನ್ನೊಂದು ಸಂಗತಿ ತೋಟದ ಕೆಲಸಕ್ಕೆ ನೇರವಾಗಿ ಸೇರಿದ್ದು. ಕೊಯ್ಲಿನ ದಿನಗಳಲ್ಲಿ ಇಡೀ ಹಗಲು ಗಿಡದ ಸಾಲಿನಲ್ಲೇ. ಹತ್ತಿರ ಶೌಚಾಲಯವಿಲ್ಲ, ಅದಕ್ಕೇ ನೀರು ಕಡಿಮೆ ಕುಡಿಯುವುದು, ಒತ್ತಿ ಹಿಡಿದುಕೊಳ್ಳುವುದು. ಈಸ್ಟ್ರೋಜನ್ ಇಳಿದ ಮೇಲೆ ಯೋನಿಯ ಒಳಭಾಗ ಒಣಗಿ, ಉರಿಮೂತ್ರ ಮತ್ತೆ ಮತ್ತೆ ಕಾಡುತ್ತದೆ. ಪ್ರತಿ ಸಲ ಆಂಟಿಬಯಾಟಿಕ್. 1993ರಲ್ಲಿ ರಾಜ್ ಮತ್ತು ಸ್ಟಾಮ್ ಎಂಬ ವೈದ್ಯರು ಮುಟ್ಟು ನಿಂತ 93 ಹೆಂಗಸರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಒಳಗೆ ಹಚ್ಚುವ ಈಸ್ಟ್ರಿಯಾಲ್ ಎಂಬ ಈಸ್ಟ್ರೋಜನ್ ಮುಲಾಮು ಬಳಸಿದವರಿಗೆ ವರ್ಷಕ್ಕೆ ಸರಾಸರಿ ಅರ್ಧ ಸಲ ಸೋಂಕು ಬಂದರೆ, ಬಳಸದವರಿಗೆ ಸುಮಾರು ಆರು ಸಲ. ಮುಲಾಮು ರಕ್ತಕ್ಕೆ ಸೇರುವುದು ತೀರಾ ಅಲ್ಪ. ಎಚ್‌ಆರ್‌ಟಿ (ಹಾರ್ಮೋನು ಬದಲಿ ಚಿಕಿತ್ಸೆ) ಎಂಬ ಹೆಸರಿನ ಭಯಕ್ಕೆ ಅತಿ ಅನ್ಯಾಯವಾಗಿ ಬಲಿಯಾದದ್ದು ಈ ಮುಲಾಮೇ ಇರಬೇಕು.

ಮನೆಮದ್ದಿನ ಕಡೆ ಶತಾವರಿ ಬೇರು, ಎಳ್ಳು, ಒಂದೆಲಗದ ತಂಬುಳಿ, ಅಶೋಕಾರಿಷ್ಟ ಇವೆ. ತಂಬುಳಿ ತಂಪು, ನಿದ್ದೆಗೆ ಹಿತ. ಎಳ್ಳಿನಲ್ಲಿ ಕ್ಯಾಲ್ಸಿಯಂ ಇದೆ. ಅಂಡಾಶಯ ಕಳೆದುಕೊಂಡ ಮೂವತ್ತೈದರ ಹೆಂಗಸಿಗೆ ಇವು ಈಸ್ಟ್ರೋಜನ್ನಿನ ಬದಲಿಯಲ್ಲ.

ಹಾಗೆಂದು ಮುಟ್ಟು ಮುಂದೆ ಹಾಕುವ ಮಾತ್ರೆಯಂತೆ ಈ ಹಾರ್ಮೋನನ್ನೂ ಅಂಗಡಿಯಿಂದ ತರುವ ಹಾಗಿಲ್ಲ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಲಿವರಿನ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಬೇಡ. ಶುರುಮಾಡುವ ಮುನ್ನ ಬಿಪಿ, ಸ್ತನ ತಪಾಸಣೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಭೇಟಿ. ಕಳಸದವರು ದೊಡ್ಡ ಆಸ್ಪತ್ರೆಗೆಂದರೆ ಕುದುರೆಮುಖದ ಕಾಡು ಹಾದು ಕಾರ್ಕಳ, ಮಣಿಪಾಲಕ್ಕೆ ಹೋಗಬೇಕು. ಮೂಡಿಗೆರೆಯವರು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ, ಇಲ್ಲವೆ ಹಾಸನಕ್ಕೆ. 2019ರ ಮಳೆಯಲ್ಲಿ ಚಾರ್ಮಾಡಿ ಕುಸಿದು ರಸ್ತೆಯೇ ಮುಚ್ಚಿತ್ತು. ನಮ್ಮ ಜಿಲ್ಲೆಗೂ ಒಂದು ಸರ್ಕಾರಿ ಮೆಡಿಕಲ್ ಕಾಲೇಜು ಬಂದಿರುವುದರಿಂದ ದಾರಿ ತುಸು ಹತ್ತಿರವಾದೀತು.

ಆರೋಗ್ಯ ಉಪಕೇಂದ್ರಗಳಲ್ಲಿ ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ, ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಈಗಾಗಲೇ ನಡೆಯುತ್ತಿದೆ. ಅದೇ ಫಾರಂನಲ್ಲಿ ಇನ್ನೆರಡು ಸಾಲಿಗೆ ಜಾಗ ಮಾಡಬಹುದು: ಮುಟ್ಟು ಯಾವ ವಯಸ್ಸಿನಲ್ಲಿ ನಿಂತಿತು, ಆಪರೇಷನ್ ಆಗಿದ್ದರೆ ಅಂಡಾಶಯ ಉಳಿದಿದೆಯೇ. ಎರಡನೆಯದಕ್ಕೆ ಎಷ್ಟೋ ಹೆಂಗಸರ ಬಳಿ ಉತ್ತರವಿಲ್ಲ, ಯಾರೂ ಅವರಿಗೆ ಹೇಳಿಲ್ಲ. ಅದು ಇರುವುದು ಡಿಸ್ಚಾರ್ಜ್ ಚೀಟಿಯಲ್ಲಿ, ಇಂಗ್ಲಿಷಿನಲ್ಲಿ. ರೇಷನ್ ಕಾರ್ಡಿನ ಜೊತೆ ಆ ಚೀಟಿಯನ್ನೂ ಜೋಪಾನವಾಗಿಟ್ಟವರು ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಕೈಯಲ್ಲಿ ಹಿಡಿದು ಹೋಗಲಿ.