ದೊಡ್ಡಮ್ಮ ಬರೆದುಕೊಟ್ಟ ಮುಚ್ಚಳಿಕೆ

ನಾನು ಕೆಲಸಕ್ಕೆ ಸೇರಿದ ಹೊಸತು, 1996ನೆಯ ಇಸವಿ. ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕಿತ್ತು ಮುಗಿದಿತ್ತು. ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಒಂದು ರಾತ್ರಿ ಶೇಂಗಾ ಹೊಟ್ಟಿನ ಬಣವೆಗೆ ಬೆಂಕಿಯಿಟ್ಟಳು; ಪಕ್ಕದವರ ಗುಡಿಸಲೂ ಸುಟ್ಟುಹೋಯಿತು. ಆಕೆ ಹೆತ್ತು ಎರಡು ತಿಂಗಳೂ ಆಗಿರಲಿಲ್ಲ. ನಿದ್ದೆಯಿಲ್ಲದೆ, ತನ್ನಷ್ಟಕ್ಕೆ ತಾನೇ ಮಾತಾಡಿಕೊಂಡು ತಿರುಗುತ್ತಿದ್ದಳು. ಓಣಿಯಲ್ಲಿ ದೆವ್ವ ಎಂದವರು ಕೆಲವರು, ನಾಟಕ ಎಂದವರು ಕೆಲವರು. ಹುಡುಗಿ ಮಾತ್ರ ನನ್ನ ಮೇಜಿನ ಹತ್ತಿರ ಬಂದು, "ಟೀಚರ್, ನಮ್ಮಮ್ಮನ್ನ ಜೈಲಿಗೆ ಹಾಕ್ತಾರೋ, ಆಸ್ಪತ್ರೆಗೋ?" ಎಂದು ಕೇಳಿದಳು.

ಬಿ.ಎಡ್. ಮಾಡಿದ ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದೆ.

ಇದರ ಬೇರು ಲಂಡನ್ನಿನಲ್ಲಿದೆ. 1843ರಲ್ಲಿ ಮೆಕ್‌ನಾಟನ್ ಎಂಬಾತ ಪ್ರಧಾನಿ ರಾಬರ್ಟ್ ಪೀಲರ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ. ಅವನಿಗೆ ಮತಿ ನೆಟ್ಟಗಿರಲಿಲ್ಲವೆಂದು ಬಿಡುಗಡೆಯಾದಾಗ ದೇಶವೇ ಗದ್ದಲವೆದ್ದು, ನ್ಯಾಯಾಧೀಶರು ಒಂದು ನಿಯಮ ಹೇಳಬೇಕಾಯಿತು. ಅದರ ತಿರುಳೇ 1860ರ ನಮ್ಮ ದಂಡಸಂಹಿತೆಯ 84ನೆಯ ಕಲಂ ಆಯಿತು: ಮಾಡುತ್ತಿರುವುದೇನು, ಅದು ತಪ್ಪು ಎಂಬ ಅರಿವೇ ಇಲ್ಲದ ಅಸ್ವಸ್ಥ ಚಿತ್ತದವರ ಕೃತ್ಯ ಅಪರಾಧವಲ್ಲ. 2024ರ ಜುಲೈಯಿಂದ ಅದೇ ಮಾತು ನ್ಯಾಯಸಂಹಿತೆಯ 22ನೆಯ ಕಲಂನಲ್ಲಿದೆ.

ನ್ಯಾಯಾಲಯ ವೈದ್ಯರನ್ನು ಕೇಳುವುದು ಎರಡು ಬೇರೆ ಬೇರೆ ಪ್ರಶ್ನೆ. ಅಂದು ಆಕೆಯ ಬುದ್ಧಿ ಹೇಗಿತ್ತು? ಇಂದು ಕಟಕಟೆಯಲ್ಲಿ ನಿಂತು ತನ್ನ ಪರವಾಗಿ ಹೇಳಿಕೊಳ್ಳಬಲ್ಲಳೇ? ಚಿತ್ರದುರ್ಗದ ಸರ್ಕಾರಿ ವೈದ್ಯರು ನೋಡಿ, ಬೆಂಗಳೂರಿನ ನಿಮ್ಹಾನ್ಸಿಗೆ ಕಳುಹಿಸಿದರು. ಹಿಂದಿನ ಹುಚ್ಚರ ಆಸ್ಪತ್ರೆಯೇ ಅದು. 1925ರಲ್ಲಿ ಮೈಸೂರು ಸರ್ಕಾರ ಅದನ್ನು ಮಾನಸಿಕ ಆಸ್ಪತ್ರೆ ಎಂದು ಕರೆಯಿತು, 1974ರಲ್ಲಿ ಈಗಿನ ಹೆಸರು ಬಂತು. ಅಲ್ಲಿ ಒಂದು ಗಳಿಗೆ ನೋಡಿ ಚೀಟಿ ಬರೆಯುವುದಿಲ್ಲ. ಪೊಲೀಸರ ಕಾಗದ ಓದುತ್ತಾರೆ, ಮನೆಯವರನ್ನು ಕೇಳುತ್ತಾರೆ, ವಾರ್ಡಿನಲ್ಲಿ ದಿನಗಟ್ಟಲೆ ಊಟ, ನಿದ್ದೆ, ಮಾತು ಗಮನಿಸುತ್ತಾರೆ. ನಾಟಕವಾಡುವವರು ಹಗಲು ವೈದ್ಯರೆದುರು ಆಡಿಯಾರು. ನಡುರಾತ್ರಿ ನರ್ಸಮ್ಮನ ಕಣ್ಣು ತಪ್ಪಿಸುವುದು ಕಷ್ಟ. ಇಷ್ಟಾಗಿಯೂ ವೈದ್ಯರದು ಅಭಿಪ್ರಾಯ ಮಾತ್ರ, ತೀರ್ಪು ನ್ಯಾಯಾಧೀಶರದು.

ವಿಚಾರಣೆಗೆ ಶಕ್ತಳಲ್ಲ ಎಂದು ವರದಿ ಬಂತು, ಕೇಸು ನಿಂತಿತು. ಔಷಧಿಯಿಂದ ಚೇತರಿಸಿಕೊಂಡ ಮೇಲೆ ವಿಚಾರಣೆ ನಡೆದು, 1998ರಲ್ಲಿ ನಿರ್ದೋಷಿ ಎಂದಾಯಿತು. ಆದರೆ ಇಂಥ ಬಿಡುಗಡೆಯಲ್ಲಿ ಎದ್ದು ಮನೆಗೆ ನಡೆಯುವಂತಿಲ್ಲ. ನೋಡಿಕೊಳ್ಳುತ್ತೇವೆಂದು ಬಂಧುಗಳು ಜಾಮೀನು ಕೊಡಬೇಕು. ಇಲ್ಲವಾದರೆ ಸರ್ಕಾರದ ಸುಪರ್ದು. ಅಸ್ಸಾಮಿನ ಮಚಲ್ ಲಾಲುಂಗ್ 1951ರಲ್ಲಿ ಬಂಧನವಾಗಿ ತೇಜಪುರದ ಮಾನಸಿಕ ಆಸ್ಪತ್ರೆ ಸೇರಿದವರು. ಗುಣವಾಗಿದೆ ಎಂದು 1967ರಲ್ಲಿ ಆಸ್ಪತ್ರೆಯೇ ಹೇಳಿದರೂ ವಿಚಾರಣೆಯೇ ಇಲ್ಲದೆ ಜೈಲಿನಲ್ಲಿ ಉಳಿದರು. 2005ರಲ್ಲಿ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಹೊರಬಂದಾಗ ಐವತ್ತನಾಲ್ಕು ವರ್ಷ ಕಳೆದಿತ್ತು.

ನಮ್ಮ ಹುಡುಗಿಯ ಅಪ್ಪ ಕೋರ್ಟಿನ ಕಡೆ ತಲೆಹಾಕಲಿಲ್ಲ. ಗಂಡನಿಗೆ ಹೀಗಾಗಿದ್ದರೆ ಹೆಂಡತಿ ಆಸ್ಪತ್ರೆಯ ಬಾಗಿಲಲ್ಲೇ ಬಿದ್ದಿರುತ್ತಿದ್ದಳು, ಆ ಮಾತು ಇರಲಿ. ಬಂದದ್ದು ಮೊಳಕಾಲ್ಮೂರಿನ ದೊಡ್ಡಮ್ಮ. ರೇಷ್ಮೆ ಮಗ್ಗದವರ ಮನೆಯಲ್ಲಿ ಕಂಡಿಕೆ ಸುತ್ತುವಾಕೆ. ಕೂಸನ್ನು ಎರಡು ವರ್ಷದಿಂದ ಸಾಕಿದವಳೂ ಆಕೆಯೇ. ಚಿತ್ರದುರ್ಗಕ್ಕೆ ಹುಡುಗಿಯ ಜೊತೆ ನಾನೂ ರಜೆ ಹಾಕಿ ಹೋಗಿದ್ದೆ. ದೊಡ್ಡಮ್ಮ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡು, ಗುಮಾಸ್ತರನ್ನು ಕೇಳಿದಳು:

"ಸ್ವಾಮಿ, ಇನ್ನು ನಮ್ಮ ಹುಡುಗೀನ ಕರ್ಕೊಂಡು ಹೋಗ್ಲಾ? ನಾಲ್ಕು ಗಂಟೆ ಬಸ್ಸು ತಪ್ಪಿದ್ರೆ ಮತ್ತೆ ಕಷ್ಟ."